ಹಳದಿ ಹಚ್ಚಿದ ಜಾಯಿಂಟು

ಮಾರ್ಚ್ 3, ಮಂಗಳವಾರ

ತಮ್ಮಾ,

ನಾವಿಲ್ಲಿ ಕ್ಷೇಮ ಎಂದು ಬರೆದು ಮುಂದಿನ ಸಾಲಿಗೆ ಹೋಗೋಣ ಎಂದುಕೊಂಡೆ. ಆದರೆ ಕೈ ಬರುತ್ತಿಲ್ಲ. ನನಗೆ ಭಯವಾಗಿದೆ, ಅದಕ್ಕೇ ಈ ಕಾಗದ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಕಪ್ಪೆಯ ಕೆಳಗೆ, ಬಲಗಡೆ ಹಿಂದಿನ ಚಕ್ರದ ಪಕ್ಕ, ಊಟದ ತಟ್ಟೆಯಷ್ಟು ಅಗಲಕ್ಕೆ ಆಯಿಲ್ ನಿಂತಿತ್ತು.

ಕಪ್ಪೆ ಎಂದರೆ ಯಾವುದು ಎಂದು ಮರೆತಿಲ್ಲ ತಾನೇ? ನಿನ್ನ ಭಾವನ ಹಳೇ ಸ್ಪೋರ್ಟ್ಸ್ ಕಾರು. ಅವರು ಹೋಗಿ ಎರಡು ವರ್ಷವಾಯಿತು, ಅದು ಮಾತ್ರ ಶೆಡ್ಡಿನಲ್ಲಿ ಎರಡು ಕಣ್ಣು ಬಿಟ್ಟುಕೊಂಡು ಕೂತೇ ಇದೆ. ಮಾರಿಬಿಡು ಎಂದು ನೀನು ಎಷ್ಟೋ ಸಲ ಬರೆದೆ. ಮಾರಿದ್ದರೆ ಈ ತಲೆನೋವು ಇರುತ್ತಿರಲಿಲ್ಲ, ಒಪ್ಪಿದೆ, ಈಗ ಅದನ್ನು ಎತ್ತಿ ಆಡಬೇಡ.

ಗಿಣಿಗೆ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಏಪ್ರಿಲ್ 6, ಸೋಮವಾರ ಸೇರಬೇಕು. ಡ್ಯೂಟಿ ಬೆಳಿಗ್ಗೆ ಆರಕ್ಕೆ, ಬೆಟ್ಟಕ್ಕೆ ಮೊದಲ ಬಸ್ಸು ಎಂಟಕ್ಕೆ. "ಅಪ್ಪನ ಕಾರಿದೆಯಲ್ಲಮ್ಮ, ಅದ್ರಲ್ಲೇ ಹೋಗ್ತೀನಿ" ಅಂತಾಳೆ ನಿನ್ನ ಸೊಸೆ. ಲೈಸೆನ್ಸ್ ಯಾವಾಗ ಮಾಡಿಸಿದಳೋ ನನಗೆ ಗೊತ್ತೇ ಇಲ್ಲ.

ಆ ರಸ್ತೆಯಲ್ಲಿ ಇಪ್ಪತ್ತೆರಡು ತಿರುವು. ಅವಳಿಗೆ ಏಳು ವರ್ಷವಿದ್ದಾಗ ಅಲ್ಲೇ ಹಿಂದಿನ ಟೈರಿಗೆ ಆಯಿಲ್ ಬಿದ್ದು ಕಾರು ಬುಗುರಿಯಂತೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ನಿನ್ನ ಭಾವ ನಕ್ಕರು. ನಾನು ಇಳಿದು ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡೆ. ಅವತ್ತಿನಿಂದ ನಾನು ಅದರಲ್ಲಿ ಕೂತಿಲ್ಲ. ಈಗ ಅದೇ ಕಾರು, ಅದೇ ರಸ್ತೆ, ಅದೇ ಆಯಿಲು, ಮಗಳು ಒಬ್ಬಳೇ.

ಇಲ್ಲಿಯ ಕನ್ನಡಕದ ಮೆಕ್ಯಾನಿಕ್ ಬಗ್ಗಿ ನೋಡಿ, "ಆಯಿಲ್ ಕೂಲರ್ ಲೈನ್ ಹೋಗಿದೆ ಅಮ್ಮ, ಈ ಗಾಡಿಗೆ ಸಾಮಾನು ಸಿಗಲ್ಲ, ನಾನು ಮುಟ್ಟಲ್ಲ" ಎಂದು ಕೈ ತೊಳೆದುಕೊಂಡು ಹೋದ. ನೀನೇ ದಾರಿ ಹೇಳಬೇಕು. ಕೆಳಗಿನ ಮೆಡಿಕಲ್ ಶಾಪಿನ ಫೋನ್ ನಂಬರು ಕಾಗದದ ಹಿಂಭಾಗದಲ್ಲಿ ಬರೆದಿದ್ದೇನೆ. ಭಾನುವಾರ ಹತ್ತು ಗಂಟೆಗೆ ಅಲ್ಲಿ ಕೂತಿರುತ್ತೇನೆ. ನಿನ್ನ ದನಿ ಕೇಳಿ ಎಷ್ಟು ಕಾಲವಾಯಿತೋ.

ಅಕ್ಕ

---

ಮಾರ್ಚ್ 9, ಸೋಮವಾರ

ಅಕ್ಕಾ,

ಭಾನುವಾರ ಫೋನ್ ಮಾಡಲಾಗಲಿಲ್ಲ. ಬಂದರಿನ ಈ ಪಂಪ್‌ಹೌಸಿನಲ್ಲಿ ಇರುವುದು ಒಂದೇ ಫೋನು, ಅದರ ಮುಂದೆ ರೈಲಿನಷ್ಟು ಉದ್ದ ಸಾಲು. ಅಲ್ಲದೆ ಇಂಥ ಕೆಲಸಕ್ಕೆ ಕಾಗದವೇ ಒಳ್ಳೆಯದು. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಮೊದಲು ವಿಷಯ ಅರ್ಥ ಮಾಡಿಕೋ. ಕಪ್ಪೆಯ ಎಂಜಿನ್ ಹಿಂದೆ, ಆಯಿಲ್ ತಣ್ಣಗಾಗುವ ಕೂಲರ್ ಮುಂದೆ. ನಡುವೆ ಬಾಗಿಲಿನ ಕೆಳಗೆ ಉದ್ದಕ್ಕೂ ಎರಡು ಲೋಹದ ಪೈಪು. ಪೈಪು ಸಾಯುವುದಿಲ್ಲ. ಹಿಂದಿನ ಚಕ್ರದ ಹತ್ತಿರ ಅವಕ್ಕೆ ಎರಡು ರಬ್ಬರ್ ಹೋಸು ಸೇರುತ್ತವಲ್ಲ, ಅವು ಸತ್ತಿರುತ್ತವೆ. ನೀನು ಹೆದರುವುದು ಸರಿಯಾಗಿಯೇ ಇದೆ. ಅಲ್ಲಿಂದ ಸುರಿದದ್ದು ನೇರ ಟೈರಿಗೆ, ಇಲ್ಲವೇ ಕೆಂಪಗೆ ಕಾದ ಸೈಲೆನ್ಸರಿಗೆ.

ಆ ಎರಡು ಹೋಸನ್ನು ಬಿಚ್ಚಿಸಿ ಪಾರ್ಸೆಲ್ ಮಾಡು. ಅದೇ ಅಳತೆಗೆ ಹೊಸದು ಮಾಡಿ ಕಳಿಸುತ್ತೇನೆ. ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಮೂರು ದಿನ ಹೊತ್ತೊತ್ತಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಸು. ಬಿಚ್ಚುವಾಗ ಎರಡು ಸ್ಪ್ಯಾನರ್, ಒಂದು ಹಿಡಿಯಲು, ಇನ್ನೊಂದು ತಿರುಗಿಸಲು. ಒಂದೇ ಹಾಕಿ ಜಗ್ಗಿದರೆ ಪೈಪು ಬಟ್ಟೆ ಹಿಂಡಿದ ಹಾಗೆ ಹಿಂಡಿಕೊಳ್ಳುತ್ತದೆ. ಅಂದ ಹಾಗೆ ಬಿಚ್ಚುವವರು ಯಾರು? ಕನ್ನಡಕದವನ ಮನಸ್ಸು ಬದಲಾಯಿತೇ?

ಅಲ್ಲಿಯವರೆಗೆ ಗಿಣಿಯ ಕೈಗೆ ಕೀಲಿ ಕೊಡಬೇಡ. ಸಕ್ಕರೆ ಡಬ್ಬಿಯಲ್ಲಿ ಬಚ್ಚಿಡಬೇಡ, ಅವಳು ಮೊದಲು ಅಲ್ಲೇ ಕೈ ಹಾಕುತ್ತಾಳೆ.

ತಮ್ಮ

---

ಮಾರ್ಚ್ 18, ಬುಧವಾರ

ತಮ್ಮಾ,

ಬಿಚ್ಚಿದವಳು ನಾನೇ. ಬಯ್ಯಬೇಡ. ಅಪ್ಪನ ಗ್ಯಾರೇಜಿನಲ್ಲಿ ನಿನಗಿಂತ ಮೊದಲು ಸ್ಪ್ಯಾನರ್ ಹಿಡಿದದ್ದು ಯಾರು? ಮೂವತ್ತು ವರ್ಷ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕಿದರೂ ಕೈ ಮರೆತಿಲ್ಲ. ಸೊಂಟ ಮಾತ್ರ ಮರೆತಿದೆ.

ಕಾರನ್ನು ಜಾಕಿಯಲ್ಲಿ ಎತ್ತಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು, ಎರಡೆರಡು ಸಲ ಅಲುಗಾಡಿಸಿ ನೋಡಿ, ಮೂರನೇ ಸಲ ದೇವರನ್ನು ನೆನೆಸಿಕೊಂಡು ಕೆಳಗೆ ಹೋದೆ. ಮೂಗಿನ ಮೇಲೆ ಒಂದು ಟನ್ ಕಬ್ಬಿಣ ಇರುವಾಗ ಏನೇನು ಯೋಚನೆ ಬರುತ್ತದೆ ಎಂದು ಹೇಳಿದರೆ ನೀನು ನಗುತ್ತೀಯ. ನಾಲ್ಕನೆಯ ನಟ್ಟು ಎರಡು ದಿನ ಕಾಡಿತು. ಕೊನೆಗೆ ಗಿಣಿ ಒಂದು ಸ್ಪ್ಯಾನರ್ ಹಿಡಿದಳು, ನಾನು ಇನ್ನೊಂದಕ್ಕೆ ಕಾಲು ಕೊಟ್ಟು ಒದ್ದೆ. ಟಕ್ ಎಂದಿತು. ಪೈಪೇ ಮುರಿಯಿತು ಎಂದುಕೊಂಡೆ. ನಟ್ಟು ಬಿಟ್ಟಿತ್ತು ಅಷ್ಟೇ.

ಹೋಸು ನಿನ್ನೆ ಪಾರ್ಸೆಲ್ ಮಾಡಿದ್ದೇನೆ. ಒಂದನ್ನು ಬಗ್ಗಿಸಿ ನೋಡು, ಒಳಗಿನಿಂದ ಸೀಳಿದೆ. ಇಷ್ಟು ದಿನ ಅದು ಹೇಗೆ ತಡೆದುಕೊಂಡಿತ್ತೋ. ಅದರಲ್ಲೇ ಗಿಣಿ ನನಗೆ ಹೇಳದೆ ಫೆಬ್ರವರಿಯಲ್ಲೇ ಎರಡು ಸಲ ಬೆಟ್ಟ ಹತ್ತಿ ಇಳಿದಿದ್ದಾಳಂತೆ. "ಏನೂ ಆಗಿಲ್ವಲ್ಲಮ್ಮ" ಎಂದಳು. ಆಗಿದ್ದರೆ ಹೇಳುವುದಕ್ಕೆ ಇರುತ್ತಿದ್ದಳೇ!

ಎಂಟನೇ ತಾರೀಕು ಹತ್ತರಿಂದ ಹನ್ನೊಂದೂವರೆವರೆಗೆ ಮೆಡಿಕಲ್ ಶಾಪಿನಲ್ಲಿ ಕೂತಿದ್ದೆ. ಅಲ್ಲಿಯವರು ಪಾಪ, ಸ್ಟೂಲು ಕೊಟ್ಟರು, ಪೇಪರ್ ಕೊಟ್ಟರು, ಕೊನೆಗೆ ಕೆಮ್ಮಿನ ಮಾತ್ರೆಯನ್ನೂ ಕೊಟ್ಟರು. ಮೂರು ನಿಮಿಷ ಅಕ್ಕನ ಹತ್ತಿರ ಮಾತಾಡಲು ನಿನಗೆ ಅಷ್ಟು ಕಷ್ಟವೇ? ಕಾರು ಮಾರಲಿಲ್ಲವೆಂಬ ಸಿಟ್ಟು ಇನ್ನೂ ಇದೆಯೇನೋ. ಇದ್ದರೆ ನೇರ ಹೇಳು.

ಅಕ್ಕ

---

ಮಾರ್ಚ್ 23, ಸೋಮವಾರ

ಅಕ್ಕಾ,

ಸಿಟ್ಟೂ ಇಲ್ಲ, ಗಿಟ್ಟೂ ಇಲ್ಲ. ಇಲ್ಲಿ ಕೆಲಸ ಹೆಚ್ಚು. ಆ ಮಾತು ಬಿಡು.

ನೀನೇ ಕೆಳಗೆ ಮಲಗಿ ಬಿಚ್ಚಿದ್ದು ಓದಿ ಮೈ ಜುಮ್ಮೆಂದಿತು. ಇನ್ನು ಮೇಲೆ ಸ್ಟ್ಯಾಂಡಿನ ಜೊತೆಗೆ ಚಕ್ರವನ್ನೂ ಬಿಚ್ಚಿ ಕಾರಿನ ಕೆಳಗೆ ಅಡ್ಡ ಇಟ್ಟುಕೋ. ಬಿದ್ದರೂ ಚಕ್ರದ ಮೇಲೆ ಬೀಳಲಿ.

ಹೊಸ ಹೋಸು ಎರಡೂ ಇವತ್ತು ಪಾರ್ಸೆಲ್ ಹೋಗಿವೆ. ಇಲ್ಲಿಯ ಪ್ರೆಸ್ಸಿನಲ್ಲಿ ತುದಿಗಳ ಲೋಹವನ್ನು ಒತ್ತಿಸಿ, ನೀರು ತುಂಬಿ ಒತ್ತಡ ಕೊಟ್ಟು ನೋಡಿದ್ದೇನೆ. ಆಮೇಲೆ ಗಿಡ್ಡ ಹೋಸಿಗೆ ಮೊಣಕೈ ಥರ ಬಗ್ಗಿದ ತುಂಡೊಂದನ್ನು ಇಲ್ಲೇ ಸೇರಿಸಿದ್ದೇನೆ. ಅದರ ಮುಖ ಚಕ್ರದ ಕಡೆ ಬರಬಾರದು, ಎಂಜಿನ್ ಕಡೆ ತಿರುಗಿರಬೇಕು. ಕೂರಿಸಿ, ಎಲ್ಲ ಜಾಯಿಂಟೂ ಬಿಗಿ ಮಾಡಿ, ಒರೆಸಿ, ಎಂಜಿನ್ ಶುರು ಮಾಡಿ, ಕೆಳಗೆ ಪೇಪರ್ ಹಾಸಿ ನೋಡು. ಒಂದು ತೊಟ್ಟು ಬಿದ್ದರೂ ಕಾರು ಅಂಗಳ ದಾಟಬಾರದು.

ನಮ್ಮಪ್ಪ ಇದ್ದಿದ್ದರೆ ನಿನ್ನನ್ನು ಕೆಳಗೆ ಬಿಟ್ಟು ತಾನು ಮೇಲೆ ನಿಂತು ಬಯ್ಯುತ್ತಿದ್ದ. ಆ ಕೆಲಸವನ್ನು ನಾನು ಕಾಗದದಲ್ಲೇ ಮಾಡುತ್ತಿದ್ದೇನೆ.

ತಮ್ಮ

---

ಮಾರ್ಚ್ 29, ಭಾನುವಾರ

ತಮ್ಮಾ,

ಮುಗಿಯಿತು. ಕೂದಲಲ್ಲಿ ಆಯಿಲ್, ಮೊಣಕೈ ತರಚಿದೆ, ಆದರೆ ಮುಗಿಯಿತು.

ನಿನ್ನ ಅಳತೆಗೆ ಶಹಬ್ಬಾಸ್. ಆ ಬಗ್ಗಿದ ತುಂಡನ್ನು ತಿರುಗಿಸುವ ಕೆಲಸವೇ ಬರಲಿಲ್ಲ, ಕೂರಿಸಿದ ಕೂಡಲೇ ಮುಖ ಎಂಜಿನ್ ಕಡೆಗೇ ಇತ್ತು. ನಾಲ್ಕು ಜಾಯಿಂಟನ್ನು ನಾನು ಬಿಗಿ ಮಾಡಿದೆ. ನೀನು ಹಳದಿ ಬಣ್ಣ ಹಚ್ಚಿ ಕಳಿಸಿದ ಐದನೆಯದನ್ನು, ಹೋಸಿಗೂ ಬಗ್ಗಿದ ತುಂಡಿಗೂ ನಡುವಿನದನ್ನು, ಮುಟ್ಟಲಿಲ್ಲ. ಅಪ್ಪನ ಮಗಳಲ್ಲವೇ! ಅಪ್ಪನ ಗ್ಯಾರೇಜಿನಲ್ಲಿ ಹಳದಿ ಬಿದ್ದ ಮೇಲೆ ಮುಗಿಯಿತು. ಒಬ್ಬರು ಬಿಗಿ ಮಾಡಿ, ಇನ್ನೊಬ್ಬರು ನೋಡಿ ಹಚ್ಚುವ ಬಣ್ಣ ಅದು. ಅದರ ಮೇಲೆ ಸ್ಪ್ಯಾನರ್ ಇಟ್ಟರೆ ನೋಡಿದವನನ್ನು ಸುಳ್ಳ ಎಂದ ಹಾಗೆ. ನಾನು ಹಳದಿ ಹಚ್ಚಿದ್ದನ್ನು ನೀನೊಮ್ಮೆ ಮತ್ತೆ ತಿರುಗಿಸಿ, ಅಪ್ಪ ನಿನ್ನನ್ನು ಸಂಜೆವರೆಗೂ ಅದೇ ಸ್ಪ್ಯಾನರ್ ಎತ್ತಿ ಹಿಡಿದು ನಿಲ್ಲಿಸಿದ್ದು ನೆನಪಿದೆಯೇ? ನಾನು ಕಿಟಕಿಯಿಂದ ನೋಡಿ ಅತ್ತಿದ್ದೆ, ಆಮೇಲೆ ನಕ್ಕಿದ್ದೆ.

ಎಂಜಿನ್ ಶುರು ಮಾಡಿ ಅಂಗಳದಲ್ಲೇ ಹತ್ತು ನಿಮಿಷ ಓಡಿಸಿದೆವು. ಪೇಪರಿನ ಮೇಲೆ ಒಂದು ತೊಟ್ಟೂ ಇಲ್ಲ. ಗಿಣಿ ನನ್ನನ್ನು ಎತ್ತಿಕೊಂಡು ಕುಣಿದಳು.

ಆದರೂ ಎದೆ ಹಗುರವಾಗಿಲ್ಲ. ಒಂದು ಸಣ್ಣ ಅನುಮಾನ. ಬರೆದರೆ ನಿನ್ನನ್ನು ನಂಬದ ಹಾಗಾಗುತ್ತದೆ, ಬಾಯಲ್ಲಾದರೆ ನಗುನಗುತ್ತಾ ಕೇಳಬಹುದು. ಬರುವ ಭಾನುವಾರ, ಐದನೇ ತಾರೀಕು, ಹತ್ತಕ್ಕೆ ಖಂಡಿತ ಫೋನ್ ಮಾಡು. ಸೋಮವಾರ ಬೆಳಿಗ್ಗೆ ಐದಕ್ಕೆ ಅವಳು ಹೊರಡುತ್ತಾಳೆ. ಅದಕ್ಕೆ ಮುಂಚೆ ನಿನ್ನ ಬಾಯಿಂದ "ಸರಿ ಇದೆ ಅಕ್ಕ" ಎಂಬ ಒಂದು ಮಾತು ಬೇಕು. ನಿನ್ನ ಕಾಲು ಹಿಡಿಯುತ್ತೇನೆ ಕಣೋ.

ಅಕ್ಕ

---

ಏಪ್ರಿಲ್ 5, ಭಾನುವಾರ, ಮಧ್ಯಾಹ್ನ

ಅಕ್ಕಾ,

ಈ ಕಾಗದ ತಲುಪುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ, ಇವತ್ತು ಟೆಲಿಗ್ರಾಂ ಆಫೀಸೂ ಮುಚ್ಚಿದೆ. ಆದರೂ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲಾಗುತ್ತಿಲ್ಲ.

ಆ ಹಳದಿ ಜಾಯಿಂಟು ಬಿಗಿ ಇಲ್ಲ. ಅದನ್ನು ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದೆ. ಬಗ್ಗಿದ ತುಂಡಿನ ಮುಖವನ್ನು ನೀನು ಕಾರಿನ ಮೇಲೇ ಹೊಂದಿಸಿಕೊಳ್ಳಬೇಕಾಗುತ್ತದೆ ಎಂದು. ಈ ಪಂಪ್‌ಹೌಸಿನಲ್ಲಿ ಹಳದಿ ಎಂದರೆ ಕೆಲಸ ಬಾಕಿ ಇದೆ, ಇಲ್ಲಿ ಬಿಗಿ ಮಾಡು ಎಂದು. ಮುಗಿದಿದ್ದಕ್ಕೆ ಹಸಿರು. ಹನ್ನೊಂದು ವರ್ಷದಿಂದ ದಿನವೂ ಅದನ್ನೇ ಮಾಡಿದ ಕೈ, ನಿನ್ನ ಹೋಸಿಗೂ ಹಚ್ಚಿಬಿಟ್ಟಿತು. ಅಪ್ಪನ ಹಳದಿ ನನಗೆ ಆ ಕ್ಷಣ ನೆನಪೇ ಆಗಲಿಲ್ಲ. ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಬಣ್ಣ ಗಿಣ್ಣ ನೋಡದೆ ಐದಕ್ಕೂ ಸ್ಪ್ಯಾನರ್ ಹಾಕುತ್ತಿದ್ದ. ನೀನೊಬ್ಬಳೇ ಬಿಡುವವಳು.

ಇನ್ನೊಂದು. ಅಂಗಳದಲ್ಲಿ ಹತ್ತು ನಿಮಿಷ ಓಡಿಸಿದ್ದು ಪರೀಕ್ಷೆಯೇ ಅಲ್ಲ. ಎಂಜಿನ್ ಚೆನ್ನಾಗಿ ಕಾಯುವವರೆಗೆ ಆಯಿಲು ಕೂಲರಿನ ಕಡೆಗೆ ಹೋಗುವುದೇ ಇಲ್ಲ, ಒಳಗೊಂದು ಬಾಗಿಲು ಮುಚ್ಚಿರುತ್ತದೆ. ಬೆಟ್ಟ ಹತ್ತುವಾಗ ಕಾಯುತ್ತದೆ, ಆಗ ತೆರೆಯುತ್ತದೆ. ಇದನ್ನು ನಾನು ಬರೆಯಬೇಕಿತ್ತು. ಬರೆಯಲಿಲ್ಲ.

ನಿನ್ನ ಕಾಗದ ನಿನ್ನೆ ಸಂಜೆಯೇ ಬಂದಿತ್ತು. ಮತ್ತೆ ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಿರುತ್ತೀ ಎಂದು ಒಡೆಯದೆ ಇಟ್ಟೆ. ಇವತ್ತು ಬೆಳಿಗ್ಗೆ ಒಡೆದೆ. ಓದಿದವನೇ ಗೇಟಿನ ಹತ್ತಿರದ ಫೋನಿಗೆ ಓಡಿದೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಲೈನು ಸರಿ ಇರಲಿಲ್ಲ. ನೀನು ಸರಿ ಎಂದ ಹಾಗಾಯಿತು. ಎಂದೆ ತಾನೇ? ಫೋನ್ ಎತ್ತಿದ್ದು ನೀನೇ ತಾನೇ?

ಗಿಣಿಯನ್ನು ಕಳಿಸಬೇಡ. ಒಂದು ಟೆಲಿಗ್ರಾಂ ಕೊಡು, "ಬಿಗಿ ಮಾಡಿದೆ" ಎಂದು ಎರಡೇ ಮಾತು.

ತಮ್ಮ

---

ಏಪ್ರಿಲ್ 8, ಬುಧವಾರ

ಅಕ್ಕಾ,

ಸೋಮವಾರ ಬಾಗಿಲು ತೆರೆಯುವ ಮುಂಚೆಯೇ ಟೆಲಿಗ್ರಾಂ ಆಫೀಸಿನ ಮುಂದೆ ನಿಂತಿದ್ದೆ. ನಾನು ಕೊಟ್ಟ ಟೆಲಿಗ್ರಾಂ ನಿನಗೆ ಸಿಕ್ಕಿರಲೇಬೇಕು. ಇವತ್ತಿಗೆ ಮೂರು ದಿನ. ನಿನ್ನಿಂದ ಒಂದಕ್ಷರ ಇಲ್ಲ. ದಿನಕ್ಕೆ ನಾಲ್ಕು ಸಲ ಹೋಗಿ ಕೇಳುತ್ತೇನೆ. ಅಲ್ಲಿಯ ಗುಮಾಸ್ತೆ ನನ್ನನ್ನು ದೂರದಿಂದ ಕಂಡ ಕೂಡಲೇ ತಲೆ ಅಲ್ಲಾಡಿಸುತ್ತಾಳೆ. ಕಣ್ಣು ಮುಚ್ಚಿದರೆ ಆ ಇಪ್ಪತ್ತೆರಡು ತಿರುವು.

ಭಾನುವಾರದ ಕಾಗದದಲ್ಲಿ ಒಂದು ಸುಳ್ಳು ಬರೆದೆ. ನೀನು ಸರಿ ಎಂದದ್ದು ನನಗೆ ಕೇಳಿಸಲಿಲ್ಲ. ನೀನು ಎಂದೆಯೋ ಇಲ್ಲವೋ ಗೊತ್ತಿಲ್ಲ. ಆ ಕಡೆ ಯಾರಾದರೂ ಇದ್ದರೋ, ಗಂಟೆ ಹೊಡೆಯುತ್ತಲೇ ಇತ್ತೋ, ಅದೂ ಗೊತ್ತಿಲ್ಲ. ನನಗೆ ಕಿವಿ ಕೇಳುವುದಿಲ್ಲ ಅಕ್ಕ. ಎರಡು ವರ್ಷವಾಯಿತು. ಪಂಪುಗಳ ಸದ್ದಿನಲ್ಲಿ ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಭಾವ ಹೋದಾಗ ನಾನು ಬಂದು ಯಾರ ಹತ್ತಿರವೂ ಮಾತಾಡದೆ ಮೂಲೆಯಲ್ಲಿ ಕೂತಿದ್ದೆನಲ್ಲ, ದುಃಖಕ್ಕೆ ಎಂದು ನೀವೆಲ್ಲ ಅಂದುಕೊಂಡಿರಿ. ದುಃಖ ಇತ್ತು. ಆದರೆ ನೀವು ಆಡಿದ್ದರಲ್ಲಿ ಅರ್ಧ ನನಗೆ ಕೇಳಿಸಿರಲೇ ಇಲ್ಲ.

ಇಲ್ಲಿ ಯಾರಿಗೂ ಹೇಳಿಲ್ಲ. ಕಿವಿ ಹೋದವನನ್ನು ಪಂಪ್‌ಹೌಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಪಂಪಿನ ಮೇಲೆ ಅಂಗೈ ಇಟ್ಟು, ಜನರ ತುಟಿ ನೋಡಿ ಹೇಗೋ ದಿನ ತಳ್ಳುತ್ತಿದ್ದೇನೆ. ಭಾನುವಾರ ಗೇಟಿನ ಕಾವಲುಗಾರನನ್ನು "ಸ್ವಲ್ಪ ಕೇಳಿಸಿಕೊಂಡು ಹೇಳು ಮಾರಾಯ" ಎನ್ನಬಹುದಿತ್ತು. ಅವನು ಮೂರು ಮಾರು ದೂರದಲ್ಲಿ ಬೀಡಿ ಸೇದುತ್ತಾ ನಿಂತಿದ್ದ. ಗುಟ್ಟು ಬಯಲಾಗುತ್ತದಲ್ಲ ಎಂದು ಕರೆಯಲಿಲ್ಲ. ಗಿಣಿಯ ಜೀವ ಒಂದು ಕಡೆ, ನನ್ನ ಗುಟ್ಟು ಒಂದು ಕಡೆ, ಆಗಲೂ ನಾನು ಕರೆಯಲಿಲ್ಲ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತಿದೆ.

ನೀನು ಕಾದು ಕೂತಾಗ ಒಂದೇ ಒಂದು ಸಲ ಮಾತಾಡಿದ್ದರೆ, ಆ ಅನುಮಾನ ಏನು ಎಂದು ಕೇಳಿದ್ದರೆ, ಇದೆಲ್ಲ ಆಗುತ್ತಿರಲಿಲ್ಲ.

ಏನಾಗಿದ್ದರೂ ಬರೆ. ಕೆಟ್ಟದ್ದಾಗಿದ್ದರೂ ಬರೆ. ಈ ಸುಮ್ಮನಿರುವುದೊಂದನ್ನು ಮಾತ್ರ ಮಾಡಬೇಡ.

ನಿನ್ನ ತಮ್ಮ

---

ಏಪ್ರಿಲ್ 9, ಗುರುವಾರ

ತಮ್ಮಾ,

ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಗಿಣಿ ಬದುಕಿದ್ದಾಳೆ. ಬಲಗೈ ಮೊಣಕೈವರೆಗೆ ಸುಟ್ಟಿದೆ, ಸೇರಬೇಕಾದ ಆಸ್ಪತ್ರೆಯಲ್ಲೇ ಮಂಚದ ಮೇಲಿದ್ದಾಳೆ, ನಿನ್ನೆಯಿಂದ ಜ್ವರ ಇಳಿದಿದೆ, ಬಾಯಿ ಮೊದಲಿನ ಹಾಗೇ ಇದೆ.

ನಿನ್ನ ಟೆಲಿಗ್ರಾಂ ಸೋಮವಾರ ಬಂತು. ನಾನು ಉತ್ತರ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲ. ನೀನೂ ನಾಲ್ಕು ದಿನ ನಡುಗು, ಗೊತ್ತಾಗಲಿ ಎಂದು. ಅಷ್ಟು ಸಿಟ್ಟು ಬಂದಿತ್ತು. ಇವತ್ತು ಬೆಳಿಗ್ಗೆ ಅವಳ ಹಾಸಿಗೆ ಪಕ್ಕ ಕೂತಾಗ ಆ ಸಿಟ್ಟು ಇಳಿಯಿತು, ನಾನೆಂಥ ರಾಕ್ಷಸಿ ಎಂದುಕೊಂಡು ಈ ಕಾಗದ ತೆಗೆದೆ.

ಭಾನುವಾರ ನೀನು ಫೋನ್ ಮಾಡುತ್ತೀ ಎಂದು ಒಂಬತ್ತೂವರೆಗೇ ಮೆಡಿಕಲ್ ಶಾಪಿಗೆ ಹೋಗಿ ಕೂತೆ. ಹತ್ತಾಗಲು ಐದು ನಿಮಿಷ ಇರುವಾಗ ಕಪ್ಪೆ ಅಂಗಡಿಯ ಮುಂದೆಯೇ ಹೋಯಿತು. ಗಿಣಿ ಕೈ ಬೀಸಿದಳು. ನಾಳೆಗೆ ಮುಂಚೆ ಒಂದು ಸುತ್ತು ಹೋಗಿ ನೋಡೋಣ ಎಂದು. ನಾನು "ನಿಲ್ಲೇ!" ಎನ್ನುವಷ್ಟರಲ್ಲಿ ಬೆಟ್ಟದ ರಸ್ತೆಗೆ ತಿರುಗಿಯಾಗಿತ್ತು.

ಆಮೇಲೆ ಫೋನ್ ಹೊಡೆದುಕೊಂಡಿತು. ಎತ್ತಿದೆ. ನಿನ್ನ ದನಿ. "ಅಕ್ಕಾ, ಹಳದಿ ಜಾಯಿಂಟು ಬಿಗಿ ಇಲ್ಲ, ಗಾಡಿ ತೆಗೀಬೇಡಿ, ಹಳದಿ ಜಾಯಿಂಟು ಬಿಗಿ ಇಲ್ಲ." ನಾನು ಕಿರುಚಿದೆ, "ಅವಳು ಆಗ್ಲೇ ಹೋದ್ಳು ಕಣೋ! ಏನ್ ಮಾಡ್ಲಿ ಹೇಳು!" ನೀನು ಅದನ್ನೇ ಹೇಳುತ್ತಲೇ ಇದ್ದೆ. "ತಮ್ಮಾ, ತಮ್ಮಾ, ಅವಳು ಬೆಟ್ಟಕ್ಕೆ ಹೋಗಿದಾಳೆ" ಎಂದು ನಾನು ಅಳುತ್ತಿದ್ದೇನೆ, ನೀನು "ಹೂಂ, ಸರಿ ಹಾಗಾದ್ರೆ, ಇಡ್ತೀನಿ" ಎಂದು ಇಟ್ಟುಬಿಟ್ಟೆ.

ಮೆಡಿಕಲ್ ಶಾಪಿನವರು ಸ್ಕೂಟರ್ ತೆಗೆದರು. ಮೊದಲ ನಾಲ್ಕು ತಿರುವಿನಲ್ಲಿ ರಸ್ತೆ ಒಣಗಿತ್ತು. ಐದನೆಯದರಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಕಪ್ಪು ತೊಟ್ಟು. ಆಮೇಲೆ ಹೆಜ್ಜೆಗೊಂದು. ಏಳನೆಯದರಿಂದ ಗೆರೆ. ನಾನು ಅವರ ಬೆನ್ನಿಗೆ ಮುಖ ಒತ್ತಿಕೊಂಡು ಒಂದೇ ಕಣ್ಣಲ್ಲಿ ಆ ಗೆರೆಯನ್ನು ನೋಡುತ್ತಾ ಹೋದೆ. ಒಂಬತ್ತನೆಯ ತಿರುವಿನಲ್ಲಿ ಗೆರೆ ಅಗಲವಾಗಿ, ವೃತ್ತ ಸುತ್ತಿ, ಕಣಿವೆ ಕಡೆಯ ಮೋಟು ಗೋಡೆಯವರೆಗೆ ಹೋಗಿ ನಿಂತಿತ್ತು. ಅಲ್ಲಿಂದ ಮುಂದೆ ಆಯಿಲೂ ಇಲ್ಲ, ಕಾರೂ ಇಲ್ಲ. ನನ್ನ ಕೈಲಿ ಗೋಡೆಯಾಚೆ ನೋಡಲಾಗಲಿಲ್ಲ. ರಸ್ತೆ ಮಧ್ಯದಲ್ಲೇ ಕುಸಿದು ಕೂತು, "ನೀವು ನೋಡಿ, ನೀವೇ ನೋಡಿ" ಎಂದೆ. ಅವರು ಹೋಗಿ ಬಗ್ಗಿ ನೋಡಿದರು. ಎಷ್ಟು ಹೊತ್ತು ನೋಡಿದರೋ. "ಏನೂ ಇಲ್ಲಮ್ಮ" ಎಂದರು. ಏನೂ ಇಲ್ಲ ಎಂದರೆ ಏನರ್ಥ ಎಂದು ಕೂಡ ನನಗೆ ತಿಳಿಯಲಿಲ್ಲ.

ಕಾರು ತಿರುವಿನಾಚೆ ಇತ್ತು. ಗೋಡೆಗೆ ತಾಗಿ ನಿಂತಿದ್ದನ್ನು ಒಂದು ಲಾರಿಯವರು ತಳ್ಳಿ ಮೇಲಿನ ಬಯಲಲ್ಲಿ ನಿಲ್ಲಿಸಿದ್ದರು. ಹೊಗೆ ಕಂಡು ಬೆಂಕಿ ಹತ್ತಿತೆಂದು ಗಿಣಿ ಎಂಜಿನ್ ಮುಚ್ಚಳ ಎತ್ತಿ ಒಳಗೆ ಕೈ ಹಾಕಿದ್ದಳು. ಲಾರಿಯವನ ಟವೆಲನ್ನು ಕೈಗೆ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. "ಅಮ್ಮಾ, ಎಂಥ ನಟ್ಟು ಹಾಕಿದೀಯೇ ನೀನು?" ಎಂದಳು. ಮೊದಲು ಒಂದು ಏಟು ಕೊಟ್ಟೆ. ಆಮೇಲೆ ತಬ್ಬಿಕೊಂಡೆ.

ನನ್ನ ತಪ್ಪನ್ನೂ ಹೇಳುತ್ತೇನೆ, ಎಲ್ಲವನ್ನೂ ನಿನ್ನ ತಲೆಗೆ ಕಟ್ಟುವುದಿಲ್ಲ. ನಾನು ಕೇಳಬೇಕೆಂದಿದ್ದ ಅನುಮಾನ ಅದೇ. ಆ ಹಳದಿ ಜಾಯಿಂಟಿನ ಕೆಳಗೆ ಬೆರಳಿಟ್ಟಾಗ ತುಸು ಜಿಡ್ಡು ಅಂಟಿತು. ಸ್ಪ್ಯಾನರ್ ಕೈಯಲ್ಲೇ ಇತ್ತು. ಇಡಲಿಲ್ಲ. ತಮ್ಮ ನೋಡಿ ಹಚ್ಚಿದ್ದು, ಮುಟ್ಟಿದರೆ ಅವನಿಗೆ ಅವಮಾನ ಎಂದು ಒರೆಸಿ ಸುಮ್ಮನಾದೆ. ನಿನ್ನ ಮಾನ ಕಾಯಲು ಹೋಗಿ ಮಗಳ ಕೈ ಸುಟ್ಟೆ.

ಈಗ ಫೋನಿನ ವಿಷಯ. ಸ್ಕೂಟರಿನ ಮೇಲೆ ಹೋಗುವಾಗ, ಇವನೆಂಥ ಕಲ್ಲು ಹೃದಯದವನು, ನಾನು ಹಾಗೆ ಅತ್ತರೂ "ಸರಿ ಹಾಗಾದ್ರೆ" ಎಂದು ಇಟ್ಟನಲ್ಲ ಎಂದು ನಿನಗೆ ಶಾಪ ಹಾಕಿದೆ. ಆಸ್ಪತ್ರೆಯಲ್ಲಿ ಗಿಣಿಗೆ ಅದನ್ನು ಹೇಳಿದೆ. ಅವಳು ಪೂರ್ತಿ ಕೇಳಿ, "ಅಮ್ಮ, ನೀನು ಹೇಳಿದ್ದಕ್ಕೆ ಮಾವ ಒಂದು ಸಲಾನಾದ್ರೂ ಉತ್ತರ ಕೊಟ್ರಾ?" ಎಂದಳು. ಒಂದು ಸಲವೂ ಇಲ್ಲ. "ಮಾವಂಗೆ ಕಿವಿ ಕೇಳಲ್ಲ ಕಣಮ್ಮ" ಎಂದಳು, ನರ್ಸ್ ಅಲ್ಲವೇ. ನನ್ನ ಒಡಹುಟ್ಟಿದವನ ಕಿವಿ ಹೋದದ್ದನ್ನು ನನಗೆ ಇಪ್ಪತ್ತೆರಡು ವರ್ಷದ ಹುಡುಗಿ ಹೇಳಬೇಕಾಯಿತು.

ಯಾಕೋ ಮುಚ್ಚಿಟ್ಟೆ? ಕಿವುಡನಾದರೆ ಅಕ್ಕನಿಗೆ ಬೇಡವಾಗುತ್ತೀಯಾ? ಅಷ್ಟು ದೂರದಲ್ಲಿ, ಒಂದು ಸದ್ದೂ ಇಲ್ಲದೆ, ಒಬ್ಬನೇ ಹೇಗಿದ್ದೆ? ಖಾಲಿ ಫೋನಿಗೆ ಅಷ್ಟು ಹೊತ್ತು ಹೇಗೆ ಮಾತಾಡಿದೆ? ಅದನ್ನು ನೆನೆಸಿಕೊಂಡರೆ ಒಂಬತ್ತನೆಯ ತಿರುವಿಗಿಂತ ಹೆಚ್ಚು ಭಯವಾಗುತ್ತದೆ. ಏನೂ ಕೇಳಿಸದಿದ್ದರೂ ನೀನು ಫೋನ್ ಮಾಡಿದೆ. ಮಾಡದೇ ಇದ್ದಿದ್ದರೆ ನಾನು ಸ್ಟೂಲಿನ ಮೇಲೆ ಪೇಪರ್ ಓದುತ್ತಾ ಕೂತಿರುತ್ತಿದ್ದೆ. ನಿನ್ನ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ನಾನು ಹೋಗಿದ್ದು ನಿನ್ನ ಮಾತು ಕೇಳಿ.

ಕೈ ವಾಸಿಯಾದ ಮೇಲೆ ಮತ್ತೆ ಕಪ್ಪೆಯಲ್ಲೇ ಹೋಗುತ್ತೇನೆ ಎನ್ನುತ್ತಿದ್ದಾಳೆ. ನನ್ನ ಮಾತು ಎಲ್ಲಿ ಕೇಳುತ್ತಾಳೆ! ನಾನು ಇನ್ನು ಆ ಕಾರಿನ ಕೆಳಗೆ ಒಬ್ಬಳೇ ಹೋಗುವುದಿಲ್ಲ. ಧೈರ್ಯ ಇಲ್ಲ. ಕಾಗದ ನೋಡಿ ಬಿಗಿ ಮಾಡುವುದೂ ಸಾಕು, ಕಾಗದಕ್ಕಾಗಿ ದಿನಗಟ್ಟಲೆ ಕಾಯುವುದೂ ಸಾಕು. ಇಲ್ಲಿ ನಿನ್ನ ಕಣ್ಣ ಮುಂದೆ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡುವವರು ಇಬ್ಬರಿದ್ದೇವೆ. ಪಂಪ್‌ಹೌಸಿನವರಿಗೂ ನೀನು ಹೇಳಿರಲಾರೆ. ಅವರಿಗೆ ನಿಜ ಹೇಳು, ಅವರು ಏನಾದರೂ ಅಂದುಕೊಳ್ಳಲಿ.

ಇದಕ್ಕೆ ಉತ್ತರ ಬರೆಯಬೇಡ. ಹೊರಡು.

ಅಕ್ಕ